ಕಲ್ಲಿನ ಸ್ಮಾರಕ ಮಾಡುವ ಶಿಲ್ಪಿಯಾಗಬೇಕೇ? ಕಲಬುರಗಿ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಕಲಿಯಬೇಕೆಂದು ಬರುವ ಹುಡುಗರು, ಅವರ ಬೆನ್ನಿಗೇ ಆತಂಕದಿಂದ ಬರುವ ತಂದೆತಾಯಿ, ಹಿರಿಯರ ಸಮಾಧಿಗೆ ಕಲ್ಲು ಮಾಡಿಸಬೇಕೆಂದು ಬರುವ ಮನೆಯವರು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳುವುದಕ್ಕಿಂತ ಒಂದೆಡೆ ಬರೆದಿಡುವುದು ಮೇಲು.

ಸ್ಮಾರಕ ಶಿಲ್ಪಿ ಎಂದರೆ ಯಾರು? ದೇವರ ಮೂರ್ತಿ ಮಾಡುವವರೇ ಇದನ್ನೂ ಮಾಡುತ್ತಾರಲ್ಲವೇ?

ಮಾಡುತ್ತಾರೆ. ಆದರೆ ಎರಡರ ಹಾದಿ ಬೇರೆ. ಗುಡಿಯ ಮೂರ್ತಿಗೆ ತಾಳಮಾನವಿದೆ, ಅಂದರೆ ಅಂಗಾಂಗಗಳ ಅಳತೆಯ ಲೆಕ್ಕ; ದೇವರ ರೂಪವನ್ನು ಹೇಳುವ ಧ್ಯಾನಶ್ಲೋಕವಿದೆ. ಯಾವ ಕೈಯಲ್ಲಿ ಯಾವ ಆಯುಧ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಗರ್ಭಗುಡಿಯ ಸೂರು ಅದನ್ನು ಮಳೆ ಬಿಸಿಲಿನಿಂದ ಕಾಯುತ್ತದೆ. ಸ್ಮಾರಕಕ್ಕೆ ಈ ಆಸರೆ ಯಾವುದೂ ಇಲ್ಲ. ಹೊಲದ ಬದುವಿನಲ್ಲೋ ಶಾಲೆಯ ಅಂಗಳದಲ್ಲೋ ಊರ ಅಗಸಿಯಲ್ಲೋ ಬಯಲಿಗೆ ನಿಂತಿರುತ್ತದೆ. ಯಾರ ನೆನಪಿಗೆ, ನೋಡಲು ಬರುವವರು ಯಾರು, ಏನು ಬರೆಸಬೇಕು, ಏನನ್ನು ಬಿಡಬೇಕು ಎಂಬುದೆಲ್ಲ ಪ್ರತಿ ಸಲವೂ ಹೊಸದಾಗಿ ತೀರ್ಮಾನವಾಗಬೇಕು. ಉಳಿ ಹಿಡಿಯುವ ಮೊದಲೇ ಅರ್ಧ ಕೆಲಸ ಮಾತಿನಲ್ಲಿ, ಅಳತೆಯಲ್ಲಿ, ಕಾಗದದ ಮೇಲೆ ಮುಗಿದಿರುತ್ತದೆ. ಮಾತನಾಡಲು ಬೇಸರವಿರುವವರಿಗೆ ಈ ವೃತ್ತಿ ಒಗ್ಗುವುದಿಲ್ಲ.

ನಮ್ಮ ಭಾಗದಲ್ಲಿ ಇದರಿಂದ ಹೊಟ್ಟೆ ತುಂಬುತ್ತದೆಯೇ?

ತುಂಬುತ್ತದೆ, ಆದರೆ ತಿಂಗಳ ಸಂಬಳದ ಹಾಗೆ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ತೀರಿಹೋದವರನ್ನು ಕಲ್ಲಿನಲ್ಲಿ ನೆನೆಯುವ ರೂಢಿ ಗಟ್ಟಿಯಾಗಿದೆ. ಲಿಂಗಾಯತರು ಸ್ವಂತ ಹೊಲದಲ್ಲೇ ಸಮಾಧಿ ಕಟ್ಟಿಸುತ್ತಾರೆ. ಮಠಗಳಿಗೆ ಗದ್ದುಗೆಯ ಕೆಲಸವಿರುತ್ತದೆ. ಮುಸ್ಲಿಮರ ಗೋರಿಗಳ ತಲೆಗಲ್ಲು, ಬೀದರಿನ ಮೆಥಡಿಸ್ಟ್ ಕ್ರೈಸ್ತರ ಸಮಾಧಿ ಕಲ್ಲು, ಹುತಾತ್ಮ ಯೋಧರ ಹೆಸರಿನ ಸ್ತಂಭ, ಶಾಲೆ ಕಟ್ಟಿಸಿದ ಹಿರಿಯರ ನೆನಪಿನ ಫಲಕ, ಅಂಬೇಡ್ಕರ್ ಮತ್ತು ಬಸವಣ್ಣನವರ ಪ್ರತಿಮೆಗಳ ಪೀಠ ಎಲ್ಲವೂ ಬರುತ್ತವೆ. ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ 1948ರಲ್ಲಿ ನಿಜಾಮನ ಪರವಾಗಿದ್ದ ಖಾಸಗಿ ಪಡೆ ರಜಾಕಾರರ ದಾಳಿಗೆ ಬಲಿಯಾದವರಿಗೆ ಸ್ಮಾರಕವಿದೆ. ನಿಜಾಮನ ಆಳ್ವಿಕೆಯಿಂದ ವಿಮೋಚನೆಯ ಹೋರಾಟದಲ್ಲಿ ಊರಿನವರು ಇದ್ದರು ಎಂದು ನೆನೆಯುವ ಹಳ್ಳಿಗಳು ಈ ಕಡೆ ಇನ್ನೂ ಬಹಳ ಇವೆ.

ಕೆಲಸಕ್ಕೆ ಋತುವೂ ಇದೆ. ಮನೆಯವರು ಬಹುಮಟ್ಟಿಗೆ ಮೊದಲ ವರ್ಷದ ಪುಣ್ಯಸ್ಮರಣೆಯೊಳಗೆ ಕಲ್ಲು ನಿಲ್ಲಬೇಕು ಎನ್ನುತ್ತಾರೆ. ಹಣ ಮಾತ್ರ ತೊಗರಿ ರಾಶಿಯಾದ ಮೇಲೆ. ಈ ಎರಡು ತಾರೀಖುಗಳು ಒಂದಕ್ಕೊಂದು ಕೂಡಿಬರುವುದು ಅಪರೂಪ. ಕೆಲಸವಿಲ್ಲದ ತಿಂಗಳುಗಳಲ್ಲಿ ಒರಳು, ಬೀಸುಕಲ್ಲು, ತುಳಸಿಕಟ್ಟೆ, ಹೊಸ್ತಿಲು ಏನು ಬಂದರೂ ಮಾಡಬೇಕು, ಅದರಲ್ಲಿ ನಾಚಿಕೆಯಿಲ್ಲ.

ಯಾವ ಕಲ್ಲು ಒಳ್ಳೆಯದು?

ಮೂರು ಜಿಲ್ಲೆಯ ನೆಲವೇ ಬೇರೆ ಬೇರೆ, ಹಾಗಾಗಿ ಉತ್ತರವೂ ಬೇರೆ ಬೇರೆ.

ಯಾದಗಿರಿ, ಸುರಪುರ, ಶಹಾಪುರದ ಕಡೆ ಗುಡ್ಡಗಳೆಲ್ಲ ಗ್ರಾನೈಟ್. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟವೂ ಅದೇ, ಯಾದಗಿರಿಯ ಕೋಟೆ ಕುಳಿತಿರುವ ಗುಡ್ಡವೂ ಅದೇ. ಬಯಲಲ್ಲಿ ನಿಲ್ಲುವ ಸ್ಮಾರಕಕ್ಕೆ ಇದಕ್ಕಿಂತ ಗಟ್ಟಿಯಾದದ್ದು ಹತ್ತಿರದಲ್ಲಿ ಸಿಗುವುದಿಲ್ಲ. ಆದರೆ ಉಳಿಯನ್ನು ತಿನ್ನುತ್ತದೆ, ಬಗ್ಗದ ಕಲ್ಲು. ಸಣ್ಣ ಕೆತ್ತನೆ ಬೇಡುವವರಿಗೆ ದುಬಾರಿಯಾಗುತ್ತದೆ.

ಕಲಬುರಗಿಯ ಶಹಾಬಾದ್, ಚಿತ್ತಾಪುರ, ಸೇಡಂ ಪಟ್ಟಿಯಲ್ಲಿ ಸಿಗುವುದು ಭೀಮಾ ಸೀಮೆಯ ಸುಣ್ಣದಕಲ್ಲು. ಜನ ಅದನ್ನು ಪರ್ಸಿ ಎನ್ನುತ್ತಾರೆ. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೂ ಈ ಸುಣ್ಣದಕಲ್ಲನ್ನು ನಂಬಿಯೇ. ಅಗ್ಗ, ಪದರ ಪದರವಾಗಿ ಎದ್ದುಬರುತ್ತದೆ, ಅಕ್ಷರ ಕೆತ್ತಲು ಹಿತ. ಅದರ ತೊಂದರೆಗಳನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಆಳಂದದಿಂದ ಬೀದರಿನವರೆಗೆ ಕರಿಕಲ್ಲು, ಅಂದರೆ ಬಸಾಲ್ಟ್. ಬೀದರಿನ ಮೇಲ್ಮಟ್ಟದಲ್ಲಿ ಕೆಂಪು ಜಂಬಿಟ್ಟಿಗೆ. ಜಂಬಿಟ್ಟಿಗೆ ತೂತು ತೂತಾಗಿರುವುದರಿಂದ ಗೋಡೆ, ಕಟ್ಟೆ, ಪೀಠದ ಒಳಭಾಗಕ್ಕೆ ಸರಿ. ಅದರ ಮೇಲೆ ಹೆಸರು ಕೆತ್ತುವ ಆಸೆ ಬೇಡ. ಕರಿಕಲ್ಲು ನುಣುಪಾಗಿ ಹೊಳೆಯುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಬಸಾಲ್ಟಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಯಂತ್ರವಿಲ್ಲದ ಕಾಲದಲ್ಲಿ ಚಿಪ್ಪಿಗೂ ಕಲ್ಲಿಗೂ ನಡುವೆ ಸಂದು ಬಿಡದೆ ಕೂರಿಸಿದ್ದಾರೆ.

ಹೊರಗಿನಿಂದ ತರಿಸುವುದಾದರೆ ಇಳಕಲ್ಲಿನ ಕೆಂಪು ಗ್ರಾನೈಟ್ ಇದೆ. ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆಯನ್ನು, ಅಯೋಧ್ಯೆಯ ಬಾಲರಾಮನ ಮೂರ್ತಿಯಾದ ಮೇಲೆ, ಎಲ್ಲರೂ ಕೇಳುತ್ತಾರೆ. ಮೂರ್ತಿಗೆ ಅದು ಬಲು ಚಂದ. ಆದರೆ ಹೊಲದ ಸಮಾಧಿಗೆ ಅಷ್ಟು ದೂರದಿಂದ ಕಲ್ಲು ತರಿಸಿ ಸಾಗಣೆಗೇ ದುಡ್ಡು ಸುರಿಯುವುದು ನನಗೆ ಸರಿಯೆನಿಸುವುದಿಲ್ಲ.

ಕಲ್ಲು ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಂಟೆಯ ಕಡೆಗೆ ವಾಲುವ ದನಿ ಬರಬೇಕು. ದಪ್ಪನೆಯ, ಸತ್ತ ದನಿ ಬಂದರೆ ಒಳಗೆ ಬಿರುಕಿದೆ. ಆಮೇಲೆ ಒಂದು ಕೊಡ ನೀರು ಹೊಯ್ದು ಕಾಯಿರಿ. ಮೇಲ್ಮೈ ಒಣಗಿದ ಮೇಲೂ ಎಲ್ಲಿ ಒಂದು ಗೆರೆ ಒದ್ದೆಯಾಗಿ ಉಳಿಯುತ್ತದೋ ಅಲ್ಲಿ ಕೂದಲೆಳೆಯ ಸೀಳು ಇದೆ ಎಂದು ತಿಳಿಯಿರಿ. ಗಣಿಯವರು ಈ ನೀರಿನ ಪರೀಕ್ಷೆಗೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಶಹಾಬಾದ್ ಪರ್ಸಿಯನ್ನೇ ನಿಲ್ಲಿಸಿ ಹೆಸರು ಕೆತ್ತಿಸಿದರೆ ಆಗದೇ? ಅಗ್ಗವಲ್ಲವೇ?

ಆಗುತ್ತದೆ, ಹೇಗೆ ನಿಲ್ಲಿಸುತ್ತೀರಿ ಎಂಬುದರ ಮೇಲೆ. ಪರ್ಸಿ ಅಟ್ಟಿ ಹಾಕಿದ ಖಡಕ್ ರೊಟ್ಟಿಯ ಹಾಗೆ, ಒಂದರ ಮೇಲೊಂದು ಪದರ. ನೆಲಕ್ಕೆ ಹಾಸಿದಾಗ ಮೇಲಿನ ಭಾರ ಪದರಗಳನ್ನು ಒತ್ತಿ ಹಿಡಿಯುತ್ತದೆ. ನಿಲ್ಲಿಸಿದಾಗ ಪದರಗಳ ಅಂಚು ಆಕಾಶಕ್ಕೆ ತೆರೆದುಕೊಳ್ಳುತ್ತದೆ. ಮಳೆಯ ನೀರು ಆ ಸಂದಿನೊಳಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಕಾದು ಹಿಗ್ಗುತ್ತದೆ, ಕೆಲವು ವರ್ಷಗಳಲ್ಲಿ ಹೆಸರಿದ್ದ ಪದರವೇ ಬಿಲ್ಲೆ ಬಿಲ್ಲೆಯಾಗಿ ಕಳಚುತ್ತದೆ. ಹಳೆಯ ಸ್ಮಶಾನಗಳಲ್ಲಿ ಮೇಲಿನ ಸಾಲುಗಳು ಅಳಿಸಿಹೋಗಿ ಕೆಳಗೆ ಇಸವಿ ಮಾತ್ರ ಉಳಿದಿರುವ ಕಲ್ಲುಗಳು ಕಾಣುತ್ತವಲ್ಲ, ಅದಕ್ಕೆ ಇದೇ ಕಾರಣ.

ಪರ್ಸಿಯೇ ಬೇಕೆಂದರೆ ಮಲಗಿಸಿ ಇಡಿ, ತುಸು ಇಳಿಜಾರು ಕೊಡಿ. ಇಲ್ಲವೇ ನಿಲ್ಲಿಸಿದ ಕಲ್ಲಿನ ನೆತ್ತಿಗೆ ಗ್ರಾನೈಟಿನ ಟೊಪ್ಪಿಗೆ ಹಾಕಿ, ಅಂಚು ಎರಡು ಇಂಚು ಮುಂದೆ ಚಾಚಿರಲಿ, ಅಡಿಯಲ್ಲಿ ನೀರು ಜಾರಿಬೀಳಲು ಒಂದು ಗೀರು ಹೊಡೆಯಿರಿ. ಈ ಗೀರನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಆದರೆ ಕಲ್ಲಿನ ಆಯುಷ್ಯ ಅದರಲ್ಲಿದೆ.

ಎಲ್ಲಿ ಕಲಿಯಬೇಕು?

ಹಾದಿ ಎರಡು. ಒಂದು ಕಾಲೇಜು. ಪಿಯುಸಿ ಮುಗಿಸಿ ನಾಲ್ಕು ವರ್ಷದ ದೃಶ್ಯಕಲಾ ಪದವಿ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಶಿಲ್ಪಕಲೆಯ ವಿಭಾಗವಿದೆ. ಕಲಬುರಗಿಯಲ್ಲೇ ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯವಿದೆ, ಎಸ್.ಎಂ. ಪಂಡಿತರಂಥ ಕಲಾವಿದರನ್ನು ಕೊಟ್ಟ ಊರಿನಲ್ಲಿ ಚಿತ್ರ ಕಲಿಯಲು ಬರವಿಲ್ಲ. ತಮಿಳುನಾಡಿನ ಮಾಮಲ್ಲಪುರದಲ್ಲಿ 1957ರಲ್ಲಿ ಶುರುವಾದ ಸರ್ಕಾರಿ ವಾಸ್ತು ಮತ್ತು ಶಿಲ್ಪಕಲಾ ಕಾಲೇಜು ಸಾಂಪ್ರದಾಯಿಕ ಶಿಲ್ಪಕ್ಕೆ ಹೆಸರಾದದ್ದು. ಕರ್ನಾಟಕದಲ್ಲಿ ಸೀಟಿಗೆ ಅರ್ಜಿ ಹಾಕುವ ಮೊದಲು ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ತಹಶೀಲ್ದಾರ್ ಕಚೇರಿಯ ಮುಂದೆ ನಿಲ್ಲುವವರನ್ನು ಬಹಳ ನೋಡಿದ್ದೇನೆ.

ಎರಡನೆಯದು ನೇರವಾಗಿ ಕೈಕೆಲಸ. ಕಾರ್ಕಳದ ಮಿಯಾರಿನಲ್ಲಿ ಸಿ.ಇ. ಕಾಮತ್ ಅವರ ಹೆಸರಿನ ಸಂಸ್ಥೆ ಮತ್ತು ಬಿಡದಿ ಬಳಿಯ ಜೋಗರದೊಡ್ಡಿಯ ಶಿಲ್ಪ ಗುರುಕುಲ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ಕೆತ್ತನೆ ಕಲಿಸುತ್ತವೆ, ಶುಲ್ಕವಿಲ್ಲ. ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಮನೆ ಮನೆಯಲ್ಲೂ ಶಿಲ್ಪಿಗಳಿದ್ದಾರೆ. ಅಲ್ಲಿ ಯಾರಾದರೊಬ್ಬರ ಕೈಕೆಳಗೆ ಸೇರಿಕೊಂಡರೂ ಸರಿ.

ಯಾವುದು ಮೇಲು ಎಂದರೆ, ಮೊದಲು ಕೈ, ಆಮೇಲೆ ಕಾಲೇಜು ಎನ್ನುವವನು ನಾನು. ನಕ್ಷೆ ಓದಲು, ಮಣ್ಣಿನಲ್ಲಿ ಮಾದರಿ ಮಾಡಲು, ಟೆಂಡರ್ ಕಾಗದ ತುಂಬಲು ಕಾಲೇಜು ಬೇಕು. ಆದರೆ ಮುರಿದ ಉಳಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಯಾವ ಬಣ್ಣಕ್ಕೆ ಬಂದಾಗ ನೀರಿಗೆ ಅದ್ದಿದರೆ ಮೊನೆ ಹದವಾಗಿ ನಿಲ್ಲುತ್ತದೆ ಎಂಬುದನ್ನು ಪಾಠದ ಕೋಣೆಯಲ್ಲಿ ಕಲಿತವರನ್ನು ನಾನು ಕಂಡಿಲ್ಲ.

ನಾವು ವಿಶ್ವಕರ್ಮರಲ್ಲ. ನಮ್ಮ ಹುಡುಗಿ ಕಲಿಯಬೇಕು ಎನ್ನುತ್ತಾಳೆ. ಆಗುತ್ತದೆಯೇ?

ಆಗುತ್ತದೆ. ಕಲ್ಲು ಜಾತಿಯನ್ನೂ ಕೇಳುವುದಿಲ್ಲ, ಹೆಣ್ಣೋ ಗಂಡೋ ಎಂದೂ ಕೇಳುವುದಿಲ್ಲ, ಕೇಳುವವರು ಅಕ್ಕಪಕ್ಕದವರು. ಗಣಿಗಳಲ್ಲಿ ಕಲ್ಲೊಡೆದು ಬುಟ್ಟಿ ಹೊತ್ತ ಹೆಂಗಸರು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿರುವಾಗ ಉಳಿ ಹಿಡಿಯಲಾಗದು ಎನ್ನುವುದು ಸುಳ್ಳು. ಭಾರ ಎತ್ತಲು ಚೈನ್ ಪುಲ್ಲಿ, ಕ್ರೇನ್ ಇವೆ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. ಆರು ಅಡಿ ಎತ್ತರ, ಎರಡೂವರೆ ಅಡಿ ಅಗಲ, ಎಂಟು ಇಂಚು ದಪ್ಪದ ಒಂದು ಹಲಗೆಯೆಂದರೆ ಮುಕ್ಕಾಲು ಟನ್. ಅದನ್ನು ಯಾವ ಗಂಡಸೂ ಒಬ್ಬನೇ ಎತ್ತುವುದಿಲ್ಲ.

ಮೊದಲ ವರ್ಷ ಏನು ಕಲಿಯಬೇಕು?

ಅಕ್ಷರ. ಹೀಗೆಂದರೆ ಬಂದ ಹುಡುಗರ ಮುಖ ಬಾಡುತ್ತದೆ. ಎಲ್ಲರಿಗೂ ಮೊದಲ ದಿನವೇ ಮುಖ ಕೆತ್ತಬೇಕು. ಅವರನ್ನು ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿ ಬನ್ನಿ ಎನ್ನುತ್ತೇನೆ. ಪಕ್ಕದ ಕನಗನಹಳ್ಳಿಯಲ್ಲಿ ಭೀಮಾ ದಂಡೆಯ ಸ್ತೂಪವನ್ನು ಅಗೆದಾಗ ಸುಣ್ಣದಕಲ್ಲಿನ ಒಂದು ಚಪ್ಪಡಿ ಸಿಕ್ಕಿತು. ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಛತ್ರ ಚಾಮರ ಹಿಡಿದ ಪರಿಚಾರಿಕೆಯರು. ಅಂಥ ರಾಜರು ಹಳೆಯ ಶಿಲ್ಪಗಳಲ್ಲಿ ಎಷ್ಟೋ ಮಂದಿ. ಆದರೆ ಇಲ್ಲಿ ಯಾವನೋ ಕುಶಲಿ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಕೆತ್ತಿಬಿಟ್ಟಿದ್ದಾನೆ. ಆ ನಾಲ್ಕಾರು ಅಕ್ಷರಗಳಿಂದಾಗಿಯೇ ಜಗತ್ತು ಇವನು ಅಶೋಕ ಎಂದು ಗುರುತಿಸಿತು. ಮುಖ ಎಷ್ಟು ಚೆನ್ನಾಗಿದ್ದರೂ ಆ ಕೆಲಸ ಮಾಡುತ್ತಿರಲಿಲ್ಲ. ಸನ್ನತಿಯಲ್ಲಿಯೇ ಕ್ರಿಸ್ತಶಕದ ಮೊದಲ ಶತಮಾನಗಳ ಸ್ಮಾರಕ ಕಲ್ಲುಗಳೂ ಸಿಕ್ಕಿವೆ. ಈ ಕಸುಬು ನಮ್ಮ ಜಿಲ್ಲೆಗೆ ನಿನ್ನೆ ಮೊನ್ನೆಯದಲ್ಲ.

ಕನ್ನಡ ಅಕ್ಷರ ಕೆತ್ತುವುದು ಸುಲಭವಲ್ಲ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಕೊಂಬು ಪಕ್ಕಕ್ಕೆ ಚಾಚುತ್ತದೆ. ‘ಶ್ರೀ’ ಒಂದೇ ಅಕ್ಷರಕ್ಕೆ ಮೇಲೆ, ಕೆಳಗೆ, ಬಲಕ್ಕೆ ಮೂರೂ ಕಡೆ ಜಾಗ ಬೇಕು. ಸಾಲುಗಳ ನಡುವೆ ಅಕ್ಷರದ ಎತ್ತರದಷ್ಟೇ ಬಿಡುವು ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ‘ಠ’ದ ನಡುವಿನ ಬೊಟ್ಟು, ‘ಥ’, ‘ಧ’ಗಳ ಹೊಟ್ಟೆ, ‘ಭ’ದ ಒಳಮೂಲೆ ಇವೆಲ್ಲ ನಡುಗಡ್ಡೆಯಾಗಿ ಉಳಿಯುವ ಜಾಗಗಳು. ಪರ್ಸಿಯಲ್ಲಿ ಒಂದು ಪೆಟ್ಟು ಹೆಚ್ಚಾದರೆ ಆ ನಡುಗಡ್ಡೆ ಹಾರಿಹೋಗಿ ಅಕ್ಷರ ಬರೀ ಗುಂಡಿಯಾಗುತ್ತದೆ. ಉಳಿಯನ್ನು ಓರೆಯಾಗಿ ಹಿಡಿದು, ಹೊರಗೆರೆಯಿಂದ ಒಳಗೆ ಎರಡು ಕಡೆಯ ಇಳಿಜಾರು ಕೂಡುವಂತೆ ಕಡಿದರೆ ಅಕ್ಷರದೊಳಗೆ ನೆರಳು ನಿಲ್ಲುತ್ತದೆ. ಬಣ್ಣ ಹೋದರೂ ಓದಲು ಬರುತ್ತದೆ. ಕಂಪ್ಯೂಟರಿನ ತೆಳ್ಳನೆಯ ಅಕ್ಷರವಿನ್ಯಾಸವನ್ನು ಹಾಗೆಯೇ ಕಲ್ಲಿಗೆ ಇಳಿಸಬೇಡಿ. ಹತ್ತು ಅಡಿ ದೂರದಿಂದ ಓದಬೇಕಾದ ಅಕ್ಷರ ಒಂದು ಇಂಚಿಗಿಂತ ಚಿಕ್ಕದಿರಬಾರದು.

ಕೆತ್ತುವ ಮುಂಚೆ ಬರಹವನ್ನು ಪೂರ್ಣ ಅಳತೆಯಲ್ಲಿ ಕಾಗದದ ಮೇಲೆ ಬರೆದು ಮನೆಯವರಿಗೆ ಕೊಡಿ. ಮನೆಯ ಇಬ್ಬರು ಬೇರೆ ಬೇರೆಯಾಗಿ ಓದಿ ಸಹಿ ಹಾಕಲಿ. ಹೆಸರಿನ ಮಹಾಪ್ರಾಣ, ಅಡ್ಡಹೆಸರು, ಹುಟ್ಟಿದ ತಾರೀಖು, ಸಂವತ್ಸರದ ಹೆಸರು ಇವು ಜಗಳದ ಮೂಲಗಳು. ಆಧಾರ್ ಕಾರ್ಡಿನ ಹುಟ್ಟಿದ ದಿನವನ್ನು ನಂಬಬೇಡಿ. ನಮ್ಮ ಹಿರಿಯರಲ್ಲಿ ಅರ್ಧದಷ್ಟು ಮಂದಿ ಅದರ ಪ್ರಕಾರ ಜನವರಿ ಒಂದರಂದು ಅಥವಾ ಜೂನ್ ಒಂದರಂದು ಹುಟ್ಟಿದವರು.

ಯಂತ್ರ ಬಂದಮೇಲೆ ಕೈಕೆಲಸಕ್ಕೆ ಬೆಲೆ ಉಳಿದಿದೆಯೇ?

ಉಳಿದಿದೆ, ಸ್ವಲ್ಪ ಜಾಗ ಬದಲಾಗಿದೆ. ಕತ್ತರಿಸಲು, ಮಟ್ಟಮಾಡಲು, ಹೊಳಪು ಕೊಡಲು ಯಂತ್ರವೇ ಸರಿ. ಅದನ್ನು ಕೈಯಿಂದ ಮಾಡುತ್ತೇನೆ ಎನ್ನುವುದು ಬರೀ ಹಟ. ರಬ್ಬರ್ ಹಾಳೆ ಅಂಟಿಸಿ ಮರಳು ಹಾರಿಸಿ ಅಕ್ಷರ ಕೊರೆಯುವುದು ಬೇಗ ಆಗುತ್ತದೆ, ನೂರಾರು ಹೆಸರುಗಳ ಫಲಕಕ್ಕೆ ಅನುಕೂಲ. ಆದರೆ ಅದರ ತಳ ಚಪ್ಪಟೆ, ನೆರಳು ನಿಲ್ಲುವುದಿಲ್ಲ, ಒಳಗೆ ತುಂಬಿದ ಚಿನ್ನದ ಬಣ್ಣ ಕಲಬುರಗಿಯ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಕಂದುತ್ತದೆ. ಕಂಪ್ಯೂಟರ್ ಕೊರೆಯುವ ಮುಖಗಳು ಅಳತೆಗೆ ಸರಿಯಿರುತ್ತವೆ, ನೋಟ ಸತ್ತಿರುತ್ತದೆ. ಕಣ್ಣಿನ ರೆಪ್ಪೆ, ತುಟಿಯ ಅಂಚು ಇವನ್ನು ಕೊನೆಗೆ ಕೈಯೇ ಮುಟ್ಟಬೇಕು.

ತಂದೆಯವರ ಫೋಟೊ ಕೊಟ್ಟರೆ ಹಾಗೆಯೇ ಮುಖ ಮಾಡಿಕೊಡುವಿರಾ?

ಮಾಡಿಕೊಡಬಹುದು. ಆದರೆ ಒಂದೇ ಪಾಸ್‌ಪೋರ್ಟ್ ಫೋಟೊದಿಂದ ಆಗುವುದಿಲ್ಲ. ಪಕ್ಕದಿಂದ ತೆಗೆದದ್ದು, ನಗುವಾಗ ತೆಗೆದದ್ದು, ಮದುವೆಯ ವಿಡಿಯೊ ಏನಿದ್ದರೂ ತನ್ನಿ. ಮೊದಲು ಮಣ್ಣಿನಲ್ಲಿ ಮಾಡಿ ತೋರಿಸುತ್ತೇನೆ. ಮನೆಯ ಹೆಣ್ಣುಮಕ್ಕಳು ನೋಡಿ ಹೂಂ ಎನ್ನಬೇಕು. ಗಂಡುಮಕ್ಕಳು ಮೀಸೆ ನೋಡಿ ಒಪ್ಪಿಬಿಡುತ್ತಾರೆ, ಹೆಣ್ಣುಮಕ್ಕಳು ದವಡೆಯನ್ನೂ ನೋಡುತ್ತಾರೆ.

ನನ್ನನ್ನು ಕೇಳಿದರೆ ಮುಖ ಬೇಡ ಎನ್ನುತ್ತೇನೆ. ಅವರು ಕೂತಿದ್ದ ಕಟ್ಟೆಯಂಥ ಒಂದು ಕಟ್ಟೆ, ಚೊಕ್ಕವಾದ ನಾಲ್ಕು ಸಾಲು, ಬಂದವರು ಕೂರಲು ನೆರಳು. ಒಪ್ಪುವವರು ಕಡಿಮೆ.

ಬೆಲೆ ಹೇಗೆ ಕಟ್ಟಬೇಕು? ಮುಂಗಡ ಎಷ್ಟು ಕೇಳಬೇಕು?

ಕಲ್ಲಿನ ಬೆಲೆಯೊಂದನ್ನೇ ಲೆಕ್ಕ ಹಾಕಿ ಮಾತುಕೊಟ್ಟವರು ಕೈಯಿಂದ ಹಾಕಿಕೊಳ್ಳುತ್ತಾರೆ. ಕಲ್ಲು, ಸಾಗಣೆ, ಕ್ರೇನ್ ಬಾಡಿಗೆ, ಅಡಿಪಾಯ, ಅಕ್ಷರಗಳ ಎಣಿಕೆ, ಕೂಲಿ, ಉಳಿ ಮತ್ತು ಬ್ಲೇಡಿನ ಸವೆತ, ಕೆಟ್ಟುಹೋಗಬಹುದಾದ ಒಂದು ಕಲ್ಲಿನ ಪಾಲು ಎಲ್ಲವನ್ನೂ ಬೇರೆ ಬೇರೆಯಾಗಿ ಬರೆದು ಕೊಡಿ. ನಾನು ನೂರಕ್ಕೆ ನಲವತ್ತು ಮುಂಗಡ, ನಲವತ್ತು ಕೆತ್ತನೆ ಮುಗಿದು ಕಲ್ಲು ಇನ್ನೂ ನಮ್ಮ ಅಂಗಳದಲ್ಲಿರುವಾಗ, ಉಳಿದ ಇಪ್ಪತ್ತು ನಿಲ್ಲಿಸಿದ ದಿನ ಎಂದು ಬರೆಸಿಕೊಳ್ಳುತ್ತೇನೆ. ಕಲ್ಲು ನಿಂತು, ಹಾರ ಬಿದ್ದು, ಭಾಷಣವಾದ ಮೇಲೆ ಹಣ ಕೇಳುವ ಶಿಲ್ಪಿಯನ್ನು ಯಾರೂ ಗುರುತಿಸುವುದಿಲ್ಲ. ಸಮಿತಿಗಳ ಕೆಲಸದಲ್ಲಿ ಇದು ಇನ್ನೂ ನಿಜ: ಅಧ್ಯಕ್ಷರು ಬದಲಾದರೆ ಹಳೆಯ ಬಾಕಿ ಹಳೆಯ ಅಧ್ಯಕ್ಷರದು. ಒಂದು ಸಮಿತಿಯಿಂದ ಬರಬೇಕಾದ ಬಾಕಿ ನನಗೆ ಇನ್ನೂ ಬಂದಿಲ್ಲ; ಅವರ ಪ್ರತಿ ವರ್ಷದ ಆಮಂತ್ರಣ ಮಾತ್ರ ತಪ್ಪದೆ ಬರುತ್ತದೆ.

ಸಾಲ, ಸಹಾಯಧನ ಸಿಗುತ್ತದೆಯೇ?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿ, ಕಲ್ಲು ಕೆತ್ತುವವರು, ಕಲ್ಲು ಒಡೆಯುವವರು ಸೇರಿದ್ದಾರೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಅಡಮಾನವಿಲ್ಲದೆ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 5. ಒಂದು ಕುಟುಂಬದಲ್ಲಿ ಒಬ್ಬರಿಗೆ. ಹೆಸರಿನಲ್ಲಿ ವಿಶ್ವಕರ್ಮ ಎಂದಿದ್ದರೂ ಇದು ಕಸುಬಿಗೆ ಕೊಡುವುದು, ಜಾತಿಗಲ್ಲ.

ನಮ್ಮದು ಎರೆಹೊಲ. ಕಲ್ಲು ವಾಲುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಒಂದೂವರೆ ಅಡಿ ಅಗೆದು ಕಾಂಕ್ರೀಟ್ ಸುರಿದು ನಿಲ್ಲಿಸಿದ ಕಲ್ಲು ಎರಡು ಮೂರು ಮಳೆಗಾಲ ಕಂಡರೆ ಓರೆಯಾಗುತ್ತದೆ. ಗರಸು, ಅಂದರೆ ಕೆಳಗಿನ ಗಟ್ಟಿ ಜಲ್ಲಿಮಣ್ಣು ಸಿಗುವವರೆಗೆ ಅಗೆಯಿರಿ. ಗರಸು ಬಹಳ ಆಳದಲ್ಲಿದ್ದರೆ ಎರೆಮಣ್ಣನ್ನು ತೆಗೆದುಹಾಕಿ ಮುರುಮು ತುಂಬಿ ದಿಮ್ಮಿಸಿ ಬಡಿದು, ಅದರ ಮೇಲೆ ಕಬ್ಬಿಣದ ಜಾಲರಿ ಹಾಕಿದ ಅಗಲವಾದ ತಳ ಕಟ್ಟಿ. ಸುತ್ತ ನೀರು ನಿಲ್ಲದಂತೆ ಪರ್ಸಿಯ ಹಾಸು ಹಾಕಿ; ಪರ್ಸಿ ಹುಟ್ಟಿದ್ದೇ ಈ ಕೆಲಸಕ್ಕೆ.

ಕಲ್ಲನ್ನು ಪೀಠಕ್ಕೆ ಹಿಡಿದಿಡಲು ಸಾದಾ ಕಬ್ಬಿಣದ ಸಲಾಕೆ ಬಳಸಬೇಡಿ. ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸಲಾಕೆ ಹಾಕಿ. ದುಬಾರಿ ಎನಿಸಿದರೆ ಮೇಲಿನ ಹೊಳಪಿನಲ್ಲಿ ಉಳಿಸಿ. ಎತ್ತರದ ಸ್ತಂಭವಾದರೆ ಸಿಡಿಲು ತಡೆಯುವ ತಂತಿ ಇರಲೇಬೇಕು. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಶಹಾನ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಕಳಚಿ ನಿಂತಿದೆ. ಸುಲ್ತಾನನ ಗೋರಿಯನ್ನೇ ಬಿಡದ ಸಿಡಿಲು ನಮ್ಮ ಸ್ತಂಭವನ್ನು ಬಿಟ್ಟೀತೇ?

ಊರ ಚೌಕದಲ್ಲಿ ಪ್ರತಿಮೆ ನಿಲ್ಲಿಸಬೇಕು. ಅನುಮತಿ ಯಾರದು?

ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ. ಸಾರ್ವಜನಿಕ ರಸ್ತೆ, ಪಾದಚಾರಿ ಹಾದಿ ಮುಂತಾದ ಕಡೆ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಹಾಗಾಗಿ ಜಾಗ ಯಾರ ಹೆಸರಿನಲ್ಲಿದೆ ಎಂಬ ಕಾಗದ, ಸ್ಥಳೀಯ ಸಂಸ್ಥೆಯ ಠರಾವು, ಜಿಲ್ಲಾಡಳಿತದ ಒಪ್ಪಿಗೆ ಕೈಗೆ ಬರುವವರೆಗೆ ಕಲ್ಲಿಗೆ ಉಳಿ ತಾಗಿಸಬೇಡಿ. ರಾತ್ರೋರಾತ್ರಿ ನಿಲ್ಲಿಸೋಣ ಎನ್ನುವ ಉತ್ಸಾಹಿಗಳು ಬರುತ್ತಾರೆ. ಬೆಳಗ್ಗೆ ಪೊಲೀಸರು ಬಂದಾಗ ಮಹನೀಯರ ಪ್ರತಿಮೆ ಚೀಲ ಮುಚ್ಚಿಕೊಂಡು ನಿಲ್ಲಬೇಕಾಗುತ್ತದೆ. ಅದು ಅವರಿಗೆ ಅವಮಾನ.

ಇನ್ನೊಂದು ನಿಯಮ ನಮ್ಮ ಊರುಗಳಿಗೆ ಬಹಳ ತಾಗುತ್ತದೆ. ಕೇಂದ್ರದ ರಕ್ಷಣೆಯಲ್ಲಿರುವ ಪ್ರಾಚೀನ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಕಲಬುರಗಿಯ ಕೋಟೆ, ಹಫ್ತ್ ಗುಮ್ಮಟ, ಬೀದರ್ ಕೋಟೆ ಇವುಗಳ ಪಕ್ಕದವರು ಇದನ್ನು ಮರೆಯಬಾರದು.

ಬೇರೆ ಧರ್ಮದವರ ಸಮಾಧಿ ಕೆಲಸ ಒಪ್ಪಿಕೊಳ್ಳಬಹುದೇ? ಉರ್ದು ಬರುವುದಿಲ್ಲ.

ಒಪ್ಪಿಕೊಳ್ಳಿ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಹಾ ವಲಿಯ ಗೋರಿಗೆ ನಡೆಯುವ ಜಾತ್ರೆಗೆ ಆಳಂದ ಸೀಮೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಭಕ್ತರಲ್ಲಿ ಹಲವರಿಗೆ ಅವನು ಅಲ್ಲಮಪ್ರಭು. ಅಂಥ ನೆಲದಲ್ಲಿ ಶಿಲ್ಪಿ ಬಾಗಿಲು ಹಾಕಿಕೊಳ್ಳಬಾರದು. ಭಾಷೆ ಬರದಿದ್ದರೆ ಲಿಪಿಕಾರರಿಂದ ಬರೆಸಿ, ಅದನ್ನು ಕಲ್ಲಿಗೆ ತೆಗೆದು, ಕೆತ್ತುವ ಮೊದಲು ಅವರನ್ನೇ ಕರೆಸಿ ತೋರಿಸಿ. ಒಂದು ಚುಕ್ಕೆ ಆಚೀಚೆಯಾದರೆ ಹೆಸರೇ ಬದಲಾಗುತ್ತದೆ. ಅವರ ಪದ್ಧತಿಗಳನ್ನು ಅವರನ್ನೇ ಕೇಳಿ ತಿಳಿಯಿರಿ. ಮುಖಚಿತ್ರ ಬೇಡ ಎಂದರೆ ಬೇಡ.

ದೂಳಿನಿಂದ ಶ್ವಾಸಕೋಶ ಹಾಳಾಗುತ್ತದಂತೆ. ಮಗನನ್ನು ಕಳಿಸಲು ಭಯ.

ಭಯ ಸರಿಯಾದದ್ದೇ. ಗ್ರಾನೈಟಿನಲ್ಲಿ ಸಿಲಿಕಾ ಬಹಳ. ಗ್ರೈಂಡರ್ ತಿರುಗಿದಾಗ ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ದೂಳು ಕೆಟ್ಟದ್ದು. ಶ್ವಾಸಕೋಶದ ಆಳಕ್ಕೆ ಇಳಿದು ಗಾಯದ ಗಂಟು ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಬಂದಮೇಲೆ ವಾಸಿಯಾಗುವುದಿಲ್ಲ, ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ಹಳೆಯ ಕಾಲದ ಉಳಿ ಸುತ್ತಿಗೆಯಲ್ಲಿ ಚಕ್ಕೆ ಹೆಚ್ಚು, ಸಣ್ಣ ದೂಳು ಕಡಿಮೆ. ಯಂತ್ರ ಬಂದಮೇಲೆ ಅಪಾಯ ಏರಿದೆ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಏನೂ ಉಪಯೋಗವಿಲ್ಲ. ಎನ್-95 ಅಥವಾ ಅದಕ್ಕಿಂತ ಮೇಲಿನ ಮುಖಗವಸು, ಕತ್ತರಿಸುವಾಗ ಬ್ಲೇಡಿನ ಮೇಲೆ ಸದಾ ನೀರು, ಗಾಳಿ ಆಡುವ ಜಾಗ, ಕಣ್ಣಿಗೆ ಕನ್ನಡಕ. ಕೆಲಸ ಮುಗಿಸಿದ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ. ಒಣಗಿದ ದೂಳನ್ನು ಕಸಪೊರಕೆಯಿಂದ ಗುಡಿಸುವುದೂ ತಪ್ಪು; ನೀರು ಚಿಮುಕಿಸಿ ಬಳಿಯಿರಿ.

ಮಗನನ್ನು ಸೇರಿಸುವ ಮೊದಲು ಆ ಕೆಲಸದ ಜಾಗಕ್ಕೆ ಮಧ್ಯಾಹ್ನ ಹೋಗಿ ನೋಡಿ. ಎಲ್ಲರೂ ಬಿಳಿ ಬಿಳಿಯಾಗಿ ಓಡಾಡುತ್ತಿದ್ದರೆ ಬೇರೆ ಗುರುವನ್ನು ಹುಡುಕಿ.

ಊರಾಚೆ ಹಳೆಯ ವೀರಗಲ್ಲು ಬಿದ್ದಿದೆ. ತಂದು ಹೊಸದಾಗಿ ಕೆತ್ತಿ ನಿಲ್ಲಿಸುವಿರಾ?

ಇಲ್ಲ. ಅದರ ಮೇಲೆ ಯಾರೂ ಉಳಿ ಇಡಬಾರದು, ಎಣ್ಣೆಬಣ್ಣ ಬಳಿಯಬಾರದು, ಗ್ರೈಂಡರಿನಿಂದ ಉಜ್ಜಬಾರದು. ಇದ್ದ ಜಾಗದಲ್ಲೇ ಫೋಟೊ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಡು ಕುಸಿದಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಯಾರೋ ಅದನ್ನು ಚೊಕ್ಕ ಮಾಡಿ ಹೊಳಪು ಕೊಟ್ಟಿದ್ದರೆ ಏನಾಗುತ್ತಿತ್ತು ನೋಡಿ.

ಆದರೆ ವೀರಗಲ್ಲಿನ ಮುಂದೆ ಕುಳಿತು ಚಿತ್ರ ಬರೆದುಕೊಳ್ಳಿ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು, ನೆತ್ತಿಯಲ್ಲಿ ಸೂರ್ಯ ಚಂದ್ರರು. ಓದು ಬಾರದವನೂ ಕೆಳಗಿನಿಂದ ಮೇಲಕ್ಕೆ ನೋಡಿ ಇಡೀ ಕತೆ ತಿಳಿಯುತ್ತಾನೆ. ಸತಿ ಹೋದ ಹೆಣ್ಣಿನ ನೆನಪಿನ ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟ ಎತ್ತಿದ ಕೈ ಒಂದೇ ಸಾಕಾಗಿದೆ. ಇಷ್ಟು ಕಡಿಮೆಯಲ್ಲಿ ಇಷ್ಟು ಹೇಳುವುದನ್ನು ನಾವು ಇನ್ನೂ ಕಲಿಯಬೇಕು.

ದೊಡ್ಡ ಸ್ಪರ್ಧೆಗಳಿಗೆ ವಿನ್ಯಾಸ ಕಳಿಸಿದರೆ ನಮ್ಮಂಥವರದು ಗೆಲ್ಲುತ್ತದೆಯೇ?

ಕಳಿಸಿ. ಅಮೆರಿಕದ ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕಕ್ಕೆ 1981ರಲ್ಲಿ ಬಂದ 1,421 ವಿನ್ಯಾಸಗಳನ್ನು ಹೆಸರು ಮರೆಮಾಡಿ ನೋಡಿದರು. ಗೆದ್ದವಳು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್. ಪ್ರತಿಮೆ ಇಲ್ಲ, ಕುದುರೆ ಇಲ್ಲ. ನೆಲದೊಳಕ್ಕೆ ಇಳಿಯುವ ಕಪ್ಪು ಗೋಡೆಯ ಮೇಲೆ ಸತ್ತ ಕ್ರಮದಲ್ಲಿ ಐವತ್ತೆಂಟು ಸಾವಿರಕ್ಕೂ ಹೆಚ್ಚು ಹೆಸರುಗಳು. ಆ ಕಪ್ಪು ಗ್ರಾನೈಟ್ ಹೋದದ್ದು ಬೆಂಗಳೂರು ಕಡೆಯಿಂದ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ವಿನ್ಯಾಸವೂ ಸ್ಪರ್ಧೆಯಿಂದ ಬಂದದ್ದೇ. ಅಲ್ಲಿಯೂ ಗ್ರಾನೈಟ್ ಬಿಲ್ಲೆಗಳ ಮೇಲೆ ಯೋಧರ ಹೆಸರುಗಳು. ಎರಡು ಕಡೆಯೂ ಜನ ಬಂದು ಮುಟ್ಟುವುದು ಅಕ್ಷರವನ್ನು.

ಕಲ್ಲು ನಿಂತ ಮೇಲೆ ಹೇಗೆ ನೋಡಿಕೊಳ್ಳಬೇಕು?

ನಿಂಬೆಹಣ್ಣು, ಹುಣಸೆಹುಳಿ, ಮೊಸರು ಸುಣ್ಣದಕಲ್ಲಿಗೆ ಶತ್ರು. ಪರ್ಸಿ ಅಥವಾ ಅಮೃತಶಿಲೆಯ ಮೇಲೆ ನಿಂಬೆ ಹಿಂಡಿದರೆ ಸಣ್ಣ ನೊರೆ ಏಳುವುದು ಕಾಣುತ್ತದೆ; ಅದು ಕಲ್ಲು ಕರಗುವ ನೊರೆ. ಅಮಾವಾಸ್ಯೆಗೊಮ್ಮೆ ಅಭಿಷೇಕವಾಗುವ ಸಮಾಧಿಯ ಹೊಳಪು ಹೋಗುವುದು ಇದರಿಂದಲೇ. ಶೌಚಾಲಯ ತೊಳೆಯುವ ಆಸಿಡ್ ಇನ್ನೂ ಕೆಟ್ಟದ್ದು. ಅಭಿಷೇಕ ನಡೆಯುವ ಕಡೆ ಮುಂಚೆಯೇ ಹೇಳಿದರೆ ಗ್ರಾನೈಟಿನ ಬೋಗುಣಿಯೊಂದನ್ನು ಬೇರೆಯಾಗಿ ಕೂರಿಸಿಕೊಡಬಹುದು. ಕಾಯಿ ಒಡೆಯಲು ಮೂಲೆಯಲ್ಲಿ ಒಂದು ಗುಂಡುಕಲ್ಲು ಇಡಿ, ಇಲ್ಲದಿದ್ದರೆ ಹೆಸರಿನ ಅಂಚಿಗೇ ಒಡೆಯುತ್ತಾರೆ. ದೀಪಕ್ಕೆ ಗೂಡು ಮಾಡಿಸಿ. ತೊಳೆಯಲು ಬರೀ ನೀರು, ಮೆತ್ತನೆಯ ನಾರು.

ಕಲ್ಲಿನ ಮೇಲೆ ಶಿಲ್ಪಿ ತನ್ನ ಹೆಸರು ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬೇಕು. ಹೊಯ್ಸಳರ ರೂವಾರಿ, ಅಂದರೆ ಶಿಲ್ಪಿ, ಮಲ್ಲಿತಮ್ಮ ಸೋಮನಾಥಪುರದಲ್ಲಿ ತನ್ನ ಹೆಸರು ಕೆತ್ತಿದ್ದಾನೆ. ನಮ್ಮ ಹಳೆಯ ಶಾಸನಗಳ ಕೊನೆಯಲ್ಲಿ ಬರೆದವನ, ಕಂಡರಿಸಿದವನ ಹೆಸರು ಎಷ್ಟೋ ಕಡೆ ಇದೆ. ಮುಂಭಾಗ ತೀರಿಹೋದವರದು. ನಿಮ್ಮ ಹೆಸರು, ಊರು, ಇಸವಿ ಹಿಂಬದಿಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಅರ್ಧ ಇಂಚಿನ ಅಕ್ಷರದಲ್ಲಿ ಸಾಕು. ಮೊಬೈಲ್ ಸಂಖ್ಯೆ ಕೆತ್ತಬೇಡಿ. ಹಾಗೆ ಕೆತ್ತಿದವರೂ ಇದ್ದಾರೆ.